ಬರೀ ಎರಡು ಬೋಲ್ಟ್ ಅಲ್ವಾ?

ನನ್ನ ಹತ್ತಿರ ಒಂದು ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಇದೆ. ಅದರ ಎಂಜಿನ್ ಮೌಂಟ್‌ಗಳ, ಅಂದರೆ ಎಂಜಿನ್ ಎಡಬಲಕ್ಕೆ ಕೂರುವ ಆಧಾರಗಳ, ರಬ್ಬರ್ ಹಾಳಾಗಿತ್ತು, ಮನೆಯಲ್ಲೇ ಬದಲಾಯಿಸಿದೆ. ಇಷ್ಟು ಹೇಳಿದ್ದೇ ತಡ, ಅಂದಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: "ಅದೇನು ಮಹಾ, ಬರೀ ಎರಡು ಬೋಲ್ಟ್ ಅಲ್ವಾ? ನಾನೂ ಮನೇಲೇ ಮಾಡ್ಕೋಬಹುದಾ?" ಮೊದಮೊದಲು ನಗುನಗುತ್ತಾ ಉತ್ತರ ಕೊಡುತ್ತಿದ್ದೆ. ಈಗ ಸಾಕಾಗಿದೆ. ಬರೆದಿಟ್ಟರೆ ಮುಂದೆ ಕೇಳಿದವರಿಗೆ ಇದನ್ನೇ ಓದಿ ಅಂದುಬಿಡಬಹುದು.

ಮಾಡಬಹುದು. ಎರಡು ಗಟ್ಟಿ ಸ್ಟ್ಯಾಂಡ್, ಟ್ರಾಲಿ ಜಾಕ್, ದಪ್ಪ ಮರದ ಹಲಗೆ, ಉದ್ದ ಎಕ್ಸ್‌ಟೆನ್ಶನ್ ಇರುವ ಸಾಕೆಟ್ ಸೆಟ್ ಇದ್ದರೆ ಖಂಡಿತ ಮಾಡಬಹುದು. ಸ್ಟ್ಯಾಂಡ್ ಇಲ್ಲ, ಇಟ್ಟಿಗೆ ಜೋಡಿಸ್ತೀನಿ ಅನ್ನುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಿ ಗ್ಯಾರೇಜಿಗೆ ಹೋಗಿ.

ಬೋಲ್ಟ್ ಎಣಿಸುವವರನ್ನು ಕಂಡರೆ ನನಗೆ ಮೈ ಉರಿಯುವುದಕ್ಕೆ ಕಾರಣ ನಮ್ಮ ಮಾವ. ಅವತ್ತು ಕಾರಿನ ಮುಂಭಾಗ ಸ್ಟ್ಯಾಂಡ್ ಮೇಲಿತ್ತು. ಬ್ಯಾಟರಿಯ ವೈರ್ ಬಿಚ್ಚಿದ್ದೆ. ಈ ಎಂಜಿನ್‌ನ ಆಯಿಲ್ ಸಂಪ್, ಅಂದರೆ ತಳದ ಆಯಿಲ್ ತೊಟ್ಟಿ, ತಗಡಿನದು, ಜಾಕ್ ನೇರವಾಗಿ ಕೊಟ್ಟರೆ ಒಳಕ್ಕೆ ತಗ್ಗುತ್ತದೆ. ಅದಕ್ಕೇ ಮಧ್ಯೆ ಹಲಗೆ ಇಟ್ಟು, ಎಂಜಿನ್ ಭಾರವನ್ನು ನಿಧಾನವಾಗಿ ಜಾಕ್ ಮೇಲೆ ತರುತ್ತಿದ್ದೆ. ಮಾವ ಬಂದರು. ಕುರ್ಚಿ ಎಳೆದುಕೊಂಡು ಕೂತರು.

"ಏನಪ್ಪಾ, ಬೆಳಗ್ಗೆಯಿಂದ ಇದೇನಾ? ಬರೀ ಎರಡು ಬೋಲ್ಟ್ ಅಲ್ವಾ?"

"ಅಲ್ಲ ಮಾವ."

"ಇನ್ನೊಂಚೂರು ಎತ್ತು. ಆರಾಮಾಗಿ ಈಚೆಗೆ ಬರುತ್ತೆ."

ಇನ್ನೊಂಚೂರು ಎತ್ತಿದರೆ ಏನಾಗುತ್ತದೆ ಗೊತ್ತಾ? ಎಂಜಿನ್ ಮುಂದಿನ ಫ್ಯಾನ್ ಹೋಗಿ ರೇಡಿಯೇಟರ್‌ಗೆ ತಾಗುತ್ತದೆ. ಮೇಲಿನ ಹೋಸ್ ಎಳೆಯುತ್ತದೆ. ಆಕ್ಸಿಲರೇಟರ್ ಮತ್ತು ಚೋಕ್ ಕೇಬಲ್ ಬಿಗಿಯಾಗುತ್ತವೆ. ಸೈಲೆನ್ಸರ್ ಪೈಪಿನ ಜಾಯಿಂಟ್ ತಿರುಚಿಕೊಳ್ಳುತ್ತದೆ. ರಬ್ಬರ್ ಮೇಲಿನ ಭಾರ ಹೋಗುವಷ್ಟು, ಮೌಂಟ್ ಜಾರಿ ಹೊರಬರುವಷ್ಟು ಎತ್ತಿದರೆ ಸಾಕು. ಪ್ರತಿ ಸಲ ಜಾಕ್ ಒತ್ತಿದಾಗಲೂ ಎದ್ದು ಬಂದು ಫ್ಯಾನ್ ನೋಡಬೇಕು. ದಿನ ಹೋಗುವುದು ಇದರಲ್ಲಿ, ಸ್ಪ್ಯಾನರ್ ತಿರುಗಿಸುವುದರಲ್ಲಿ ಅಲ್ಲ. ಎಂಜಿನ್‌ನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ಪಟ್ಟಿಯನ್ನೂ ಆಗಲೇ ನೋಡಿಬಿಡಿ. ಎಂಜಿನ್ ರಬ್ಬರ್ ಮೇಲೆ ಕೂತಿರುವುದರಿಂದ ಕರೆಂಟ್ ವಾಪಸ್ ಹೋಗಲು ಆ ಪಟ್ಟಿಯೇ ಗತಿ. ಅದು ತುಂಡಾಗಿದ್ದರೆ ಸ್ಟಾರ್ಟರ್‌ನ ಕರೆಂಟ್ ಚೋಕ್ ಕೇಬಲ್ ಹಿಡಿದು ಹೋಗುತ್ತದೆ, ಕೇಬಲ್ ಹೊಗೆಯಾಡುತ್ತದೆ.

ಇದನ್ನೆಲ್ಲ ಮಾವನಿಗೆ ವಿವರಿಸುವ ವ್ಯವಧಾನ ನನಗಿರಲಿಲ್ಲ. ಅವರು ಎದ್ದು ಬಂದು, ಮೌಂಟ್ ಅಲ್ಲಾಡಿಸಿ ನೋಡೋಣ ಅಂತ ಎಂಜಿನ್‌ಗೂ ಚಾಸಿಗೂ ನಡುವೆ ಕೈ ಹಾಕಿದರು. "ಮಾವ, ಕೈ ತೆಗೀರಿ!" ಅಂತ ಕಿರುಚಿದೆ. ದೊಡ್ಡವರ ಮೇಲೆ ಕೂಗಾಡಿದ ಅಂತ ಇವತ್ತಿಗೂ ಮನೆಯಲ್ಲಿ ಮಾತಿದೆ. ಮೇಲಿದ್ದದ್ದು 1798 ಸಿಸಿಯ ಎರಕದ ಕಬ್ಬಿಣದ ಎಂಜಿನ್. ಅದನ್ನು ಹಿಡಿದಿದ್ದದ್ದು ಜಾಕಿನ ಒಂದು ಆಯಿಲ್ ಸೀಲ್. ಇನ್ನೊಮ್ಮೆ ಯಾರಾದರೂ ಕೈ ಹಾಕಿದರೆ ಇನ್ನೊಮ್ಮೆ ಕಿರುಚುತ್ತೇನೆ.

ಉಳಿದ ಕೆಲಸ ನೇರವಾಗಿದೆ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಎರಡೂ ಕಡೆ ಸಡಿಲ ಮಾಡಿ, ಆದರೆ ಬಿಚ್ಚುವುದು ಒಂದು ಸಲಕ್ಕೆ ಒಂದೇ ಕಡೆ. ಹೊಸದನ್ನು ಹಾಕಿ ಬೋಲ್ಟ್‌ಗಳನ್ನು ಕೈಯಲ್ಲೇ ತಿರುಗಿಸಿ ಬಿಡಿ. ಜಾಕ್ ಇಳಿಸಿ, ಎಂಜಿನ್ ತನ್ನ ಭಾರದ ಮೇಲೆ ಕೂತ ನಂತರ ಒಮ್ಮೆ ಅಲ್ಲಾಡಿಸಿ, ಆಮೇಲೆ ಬಿಗಿ ಮಾಡಿ. ಎಂಜಿನ್ ಮೇಲಿರುವಾಗಲೇ ಬಿಗಿ ಮಾಡಿದರೆ ರಬ್ಬರ್ ಮೊದಲ ದಿನದಿಂದಲೇ ತಿರುಚಿಕೊಂಡು ಕೂರುತ್ತದೆ. ಮೌಂಟ್ ತರಿಸುವ ಮೊದಲು ಕಾರಿನ ವರ್ಷ ನೋಡಿಕೊಳ್ಳಿ. ಎಂಜಿಬಿ 1962ರಿಂದ 1980ರವರೆಗೆ ಬಂತು, 1974ರ ಕೊನೆಗೆ ಕಪ್ಪು ರಬ್ಬರ್ ಬಂಪರ್ ಬಂದಾಗ ಎಂಜಿನ್ ಮೌಂಟ್ ಕೂಡ ಬೇರೆಯಾಯಿತು. ಡಬ್ಬಿಯಲ್ಲಿ ಎಷ್ಟೋ ವರ್ಷ ಕೂತಿದ್ದ "ಒರಿಜಿನಲ್" ಮೌಂಟ್ ಸಿಕ್ಕಿತು ಅಂತ ಹಿಗ್ಗಬೇಡಿ. ರಬ್ಬರ್‌ಗೆ ಡಬ್ಬಿಯಲ್ಲೂ ವಯಸ್ಸಾಗುತ್ತದೆ. ಗೇರ್‌ಬಾಕ್ಸ್ ಕೆಳಗಿನ ಮೌಂಟ್‌ಗಳ ವಿಷಯ ಎತ್ತಲೇಬೇಡಿ, ಅವನ್ನು ಹೊರುವ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ವಾಪಸ್ ಜೋಡಿಸುವಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇನ್ನೊಂದು ಗುಂಪಿದೆ. "ರಬ್ಬರ್ ಯಾಕೆ, ಪಾಲಿಯುರಿಥೇನ್ ಹಾಕಿ, ಜನ್ಮಪೂರ್ತಿ ಬರುತ್ತೆ." ಬರಬಹುದು. ಸ್ಟೀಲಿನ ತುಂಡು ಹಾಕಿದರೆ ಇನ್ನೂ ಜಾಸ್ತಿ ಬರುತ್ತದೆ. ಮೌಂಟ್ ಬಾಳಿಕೆ ಬಂದರೆ ಸಾಲದು ಸ್ವಾಮಿ, ನಡುಕ ನುಂಗಬೇಕು. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ನೆ ಓಡುತ್ತಿದ್ದರೂ ಸೆಕೆಂಡಿಗೆ ಸುಮಾರು 27 ಸಲ ಚಾಸಿಗೆ ಗುದ್ದುತ್ತದೆ. 1931ರಲ್ಲಿ ಅಮೆರಿಕದ ಪ್ಲಿಮತ್ ಕಾರು "ಫ್ಲೋಟಿಂಗ್ ಪವರ್" ಅಂತ ಜಾಹೀರಾತು ಕೊಟ್ಟು ಹೆಮ್ಮೆಪಟ್ಟಿದ್ದು ರಬ್ಬರ್ ಮೇಲೆ ಕೂರಿಸಿದ ನಾಲ್ಕು ಸಿಲಿಂಡರ್ ಎಂಜಿನ್ ಬಗ್ಗೆಯೇ. ಫ್ರಾನ್ಸಿನ ಸಿಟ್ರೊಯೆನ್ ಅದಕ್ಕೆ ಲೈಸೆನ್ಸ್ ಪಡೆದುಕೊಂಡು, ಕಾರಿನ ಮುಂದೆ ತೇಲುವ ಹಂಸದ ಗುರುತು ಹಾಕಿತು. ಗಟ್ಟಿ ಪಾಲಿ ಹಾಕಿದರೆ ಆ ಹಂಸ ಇಳಿದು ಬಂದು ಡ್ಯಾಶ್‌ಬೋರ್ಡ್ ಮೇಲೆ ಕುಣಿಯುತ್ತದೆ. ರೇಸ್‌ಗೆ ಹೋಗುವವರು ಹಾಕಿಕೊಳ್ಳಲಿ, ನಾನು ರಬ್ಬರ್‌ನಲ್ಲೇ ಇದ್ದೇನೆ.

ಇಷ್ಟು ಜನ ಇಷ್ಟು ಸಲ ಕೇಳಿದ್ದಾರೆ. ಆದರೆ ನಾನು ಕಾಯುತ್ತಿರುವ ಪ್ರಶ್ನೆಯನ್ನು ಒಬ್ಬರೂ ಕೇಳಿಲ್ಲ. ಎಡಗಡೆಯ ಮೌಂಟ್ ಹರಿದಿತ್ತು, ಬಲಗಡೆಯದು ಪರವಾಗಿಲ್ಲ ಅನ್ನುವ ಹಾಗಿತ್ತು. ಯಾಕೆ?

ಇದನ್ನು ಕೇಳಿ, ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಕ್ಲಚ್ ಬಿಟ್ಟಾಗ ಎಂಜಿನ್ ಹಿಂದಿನ ಚಕ್ರಗಳ ಕಡೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಒಂದು ಕಡೆ ತಿರುಗಿಸುತ್ತದೆ, ತಾನು ಇನ್ನೊಂದು ಕಡೆ ವಾಲುತ್ತದೆ. ಡ್ರೈವರ್ ಸೀಟಿನಿಂದ ನೋಡಿದರೆ ಈ ಎಂಜಿನ್‌ನ ಎಡಭಾಗ ಮೇಲೇಳುತ್ತದೆ, ಬಲಭಾಗ ಒತ್ತುತ್ತದೆ. ಮೊದಲ ಗೇರ್ ಆ ಬಲವನ್ನು ಮೂರು ಪಟ್ಟಿಗಿಂತ ಜಾಸ್ತಿ ಮಾಡುತ್ತದೆ. ರಬ್ಬರ್ ಒತ್ತುವುದನ್ನು ಎಷ್ಟಾದರೂ ತಡೆಯುತ್ತದೆ, ಎಳೆದರೆ ಲೋಹಕ್ಕೆ ಅಂಟಿದ ಕಡೆ ಬಿಟ್ಟುಕೊಳ್ಳುತ್ತದೆ. ಸಾಲದ್ದಕ್ಕೆ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವುದೂ ಎಡಗಡೆಯೇ. ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಆದರೆ ನನ್ನ ಮೌಂಟ್ ಗಟ್ಟಿಯಾಗಿರಲಿಲ್ಲ. ಉಬ್ಬಿತ್ತು, ಬೆರಳಲ್ಲಿ ಒತ್ತಿದರೆ ಹಸಿ ಜೇಡಿಮಣ್ಣಿನ ಹಾಗೆ ತಗ್ಗುತ್ತಿತ್ತು. ಅದು ಬಿಸಿಯ ಕೆಲಸವಲ್ಲ, ಆಯಿಲ್‌ನ ಕೆಲಸ. ನೈಸರ್ಗಿಕ ರಬ್ಬರ್ ಆಯಿಲ್ ಕುಡಿದು ಊದಿಕೊಳ್ಳುತ್ತದೆ. ಆಯಿಲ್ ಎಲ್ಲಿಂದ ಬಂತು? ಎಂಜಿನ್ ಮುಂಭಾಗದ ಮುಚ್ಚಳವಾದ ಟೈಮಿಂಗ್ ಕವರ್‌ನ ಮುಂದಿನ ಸೀಲ್‌ನಿಂದ. ಅಲ್ಲಿ ಸೋರಿದ್ದನ್ನು ಪುಲ್ಲಿ ಸುತ್ತಲೂ ಎರಚುತ್ತಿತ್ತು. ಸೀಲ್ ಯಾಕೆ ಸೋರಿತು? ಎಂಜಿನ್ ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರಲಿಲ್ಲ. ಈ ಎಂಜಿನ್ ಉಸಿರು ಬಿಡುವುದು ಪಕ್ಕದಲ್ಲಿರುವ ಮುಂದಿನ ಟ್ಯಾಪೆಟ್ ಕವರ್ ಅನ್ನುವ ಮುಚ್ಚಳದ ಪೈಪಿನಿಂದ. ಅದರೊಳಗೆ ಕಪ್ಪು ಮಡ್ಡಿ ಗಟ್ಟಿಯಾಗಿತ್ತು. ದಾರಿ ಸಿಗದ ಗಾಳಿ ಸಿಕ್ಕ ಸೀಲ್ ಮೂಲಕ ಆಯಿಲ್ ತಳ್ಳುತ್ತಿತ್ತು.

ಮೌಂಟ್ ಮಾತ್ರ ಬದಲಿಸಿದವರು ಮತ್ತೆ ಕಾರಿನ ಕೆಳಗೆ ಮಲಗುವುದು ಇದಕ್ಕೇ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿಯಿರಿ. ಜೋರಾಗಿ ಗಾಳಿ ಹೊಡೆದರೆ ಮೊದಲು ಆ ಪೈಪ್ ಮತ್ತು ಕವರ್ ಬಿಚ್ಚಿ ತೊಳೆಯಿರಿ. ತೊಳೆದ ಮೇಲೂ ಹೊಡೆದರೆ ಪಿಸ್ಟನ್ ರಿಂಗ್ ಸವೆದಿದೆ, ಅದು ಬೇರೆಯೇ ಖರ್ಚು. ನನ್ನದು ತೊಳೆದ ಮೇಲೆ ಸರಿಹೋಯಿತು, ಮುಂದಿನ ಸೀಲ್ ಕೂಡ ಬದಲಿಸಿದೆ. ಸೋರುವುದು ಪೂರ್ತಿ ನಿಂತಿದೆ ಅಂತ ಹೇಳುವುದಿಲ್ಲ, ಈ ಎಂಜಿನ್‌ಗಳು ಪೂರ್ತಿ ನಿಲ್ಲಿಸುವುದೂ ಇಲ್ಲ. ಈಗ ಎಂಜಿನ್ ಹಿಂದಿನಿಂದ ತೊಟ್ಟಿಕ್ಕುತ್ತದೆ, ಅಲ್ಲಿ ಎಂಜಿನ್ ಮೌಂಟ್ ಇಲ್ಲ.