ಎತ್ತದ ಫೋನನ್ನು ‘ಎತ್ತಿದ್ದಾರೆ’ ಎನ್ನುವ ಫ್ರೀಪಿಬಿಎಕ್ಸ್: ಕುಂಬಳೆ ಆಫೀಸಿನ ಕೆಲಸ ಎಲ್ಲಿಗೆ ಬಂತು

ಅಂತೂ ವಾಯ್ಸ್‌ಮೇಲಿಗೆ ಸರಿಯಾದ ಮೊದಲ ಮೆಸೇಜು ಬಿತ್ತು. ಫ್ರೀಪಿಬಿಎಕ್ಸ್ (ಪಿಸಿಯನ್ನೇ ಆಫೀಸಿನ ಫೋನು ಎಕ್ಸ್‌ಚೇಂಜು, ಅಂದರೆ ಪಿಬಿಎಕ್ಸ್, ಮಾಡುವ ಸಾಫ್ಟ್‌ವೇರು) ಇನ್‌ಸ್ಟಾಲ್, ಎಕ್ಸ್‌ಟೆನ್ಶನ್, ಫೋನುಗಳ ರಿಜಿಸ್ಟ್ರೇಶನ್ ಎಲ್ಲ ನಿಮಗೆ ಗೊತ್ತಿದ್ದದ್ದೇ, ಬಿಡುವ. ಇರುವುದು ಅಡಿಕೆ ಖರೀದಿಯ ಸಣ್ಣ ಆಫೀಸು, ಎರಡು ಲ್ಯಾಂಡ್‌ಲೈನ್, ಹಳೆ ಪಿಸಿಯಲ್ಲಿ ನಾಲ್ಕು ಪೋರ್ಟಿನ ಅನಲಾಗ್ ಕಾರ್ಡು. ಆಫೀಸಿನ ಮೇಜಿನ ಫೋನು, ಅಂದರೆ ಎಕ್ಸ್‌ಟೆನ್ಶನ್ 201ರಲ್ಲಿ ಯಾರೂ ಎತ್ತದಿದ್ದರೆ ಕರೆ ಧನಿಗಳ (ಮಾಲಕರ) ಮೊಬೈಲಿಗೆ ಹೋಗಬೇಕು, ಅವರೂ ಎತ್ತದಿದ್ದರೆ ಆಫೀಸಿನ ವಾಯ್ಸ್‌ಮೇಲಿಗೆ ಬರಬೇಕು. ಬಂದ ಕರೆ ಒಂದು ಲೈನನ್ನು ಹಿಡಿದುಕೊಂಡಿರುತ್ತದೆ, ಮೊಬೈಲಿಗೆ ಹೋಗಲಿಕ್ಕೆ ಇನ್ನೊಂದು ಬೇಕು. ಒಂದೇ ಲೈನು ಇರುವವರು ಈ ಉಸಾಬರಿಗೆ ಹೋಗದೆ ಎಕ್ಸ್‌ಚೇಂಜಿನ ಫಾರ್ವರ್ಡಿಂಗ್ ಹಾಕಿಸಿಕೊಳ್ಳುವುದು ಒಳ್ಳೆಯದು.

ಕಾರ್ಡಿನ ಬಗ್ಗೆ ಒಂದು ಮಾತು. ಕೆಂಪು ಮಾಡ್ಯೂಲ್ ಎಫ್‌ಎಕ್ಸ್‌ಒ, ಹೊರಗಿನ ಲೈನಿಗೆ. ಹಸಿರು ಎಫ್‌ಎಕ್ಸ್‌ಎಸ್, ಮೇಜಿನ ಫೋನಿಗೆ. ಆರ್ಡರಿನಲ್ಲಿ ‘ಎರಡು ಕೆಂಪು’ ಎಂದು ದಪ್ಪಕ್ಷರದಲ್ಲಿ ಬರೆದರೂ ಅಂಗಡಿಯವರು ಕಳಿಸಿದ್ದು ಎರಡು ಹಸಿರು. ಕೇಳಿದರೆ ‘ಎರಡೂ ಒಂದೇ ಅಲ್ವಾ ಸರ್’! ಒಂದೇ ಅಲ್ಲ ಮಾರಾಯ್ರೆ. ಹಸಿರು ತಾನೇ ಲೈನಿಗೆ ವೋಲ್ಟೇಜು ಕೊಡುತ್ತದೆ. ಎಕ್ಸ್‌ಚೇಂಜಿನ ಲೈನನ್ನು ಅದಕ್ಕೆ ಚುಚ್ಚಿದರೆ ಮಾಡ್ಯೂಲ್ ಸುಟ್ಟುಹೋಗಬಹುದು.

ಇನ್ನು ಅಸಲು ತಲೆನೋವು. ಎಕ್ಸ್‌ಟೆನ್ಶನಿನ ಕರೆಯನ್ನು ಬೇರೆ ನಂಬರಿಗೂ ಕಳಿಸುವ ‘ಫಾಲೋ ಮಿ’ಯಲ್ಲಿ ಧನಿಗಳ ನಂಬರು ಹಾಕಿ, ಹೊರಗಿನ ನಂಬರಾದ್ದರಿಂದ ಕೊನೆಗೆ # ಸೇರಿಸಿ ಕರೆ ಮಾಡಿದರೆ, ಮೊಬೈಲ್ ಲೈನು ಡಯಲ್ ಆದ ಕೂಡಲೇ 201 ಅರ್ಧ ಟ್ರಿಣ್ ಎಂದು ಬಾಯಿ ಮುಚ್ಚುತ್ತದೆ. ಧನಿಗಳ ಫೋನು ಸ್ವಿಚ್ ಆಫ್ ಇದ್ದರೆ ಕರೆ ಮಾಡಿದವರಿಗೆ ಕೇಳುವುದು ಮೊಬೈಲ್ ಕಂಪೆನಿಯ ಮಲಯಾಳ ಘೋಷಣೆ. ವಾಯ್ಸ್‌ಮೇಲ್ ಎಂಬುದು ಆ ಕಡೆ ತಲೆ ಹಾಕುವುದೇ ಇಲ್ಲ.

ಕಾರಣ ಸಾಫ್ಟ್‌ವೇರಿನಲ್ಲಿ ಇಲ್ಲ, ತಂತಿಯಲ್ಲಿದೆ. ಇಂಟರ್‌ನೆಟ್ ಫೋನಿನ ಭಾಷೆಯಾದ ಸಿಪ್‌ನಲ್ಲಾದರೆ ಆ ಕಡೆಯವರು ಎತ್ತಿದಾಗ ‘200 ಓಕೆ’ ಬರುತ್ತದೆ. ಅನಲಾಗ್ ಲೈನಿನಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಅಂಕೆ ಒತ್ತಿ ಮುಗಿದದ್ದೇ ತಡ, ಫ್ರೀಪಿಬಿಎಕ್ಸಿನ ಒಳಗಿನ ಎಂಜಿನ್ ಆಸ್ಟರಿಸ್ಕ್ ‘ಎತ್ತಿದ್ದಾರೆ’ ಎಂದು ಬರೆದುಕೊಳ್ಳುತ್ತದೆ. ಎತ್ತಿದ ಕರೆಗೆ ವಾಯ್ಸ್‌ಮೇಲ್ ಯಾಕೆ?

ಲೈನೇ ಸೂಚನೆ ಕೊಡುವ ದಾರಿ ಒಂದುಂಟು, ಪೊಲಾರಿಟಿ ರಿವರ್ಸಲ್. ಆ ಕಡೆ ಎತ್ತಿದ ಕ್ಷಣ ಎಕ್ಸ್‌ಚೇಂಜು ಎರಡು ತಂತಿಗಳ ಪ್ಲಸ್ ಮೈನಸ್ ಅದಲುಬದಲು ಮಾಡುತ್ತದೆ. ನಿಮ್ಮ ಲೈನಿನಲ್ಲಿ ಇದೆಯೋ ಎಂದು ಮಲ್ಟಿಮೀಟರಿನಲ್ಲೇ ನೋಡಬಹುದು. ಡಿಸಿ 200 ವೋಲ್ಟಿಗೆ ತಿರುಗಿಸಿ ಪ್ರೋಬುಗಳನ್ನು ಎರಡೂ ತಂತಿಗೆ ಹಿಡಿಯಿರಿ. ತಾಮ್ರದ ಲೈನಿನಲ್ಲಿ ಫೋನು ಇಟ್ಟಿದ್ದಾಗ 48ರ ಆಸುಪಾಸು ತೋರಿಸುತ್ತದೆ, ಎತ್ತಿದಾಗ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಸಾದಾ ಫೋನಿನಿಂದ ನಿಮ್ಮ ಮೊಬೈಲಿಗೆ ಡಯಲ್ ಮಾಡಿ, ಮೊಬೈಲ್ ಎತ್ತುವಾಗ ಮೀಟರನ್ನೇ ನೋಡಿ. ಅಂಕೆಯ ಹಿಂದಿನ ಮೈನಸ್ ಗುರುತು ಬಂತೋ, ಇದ್ದದ್ದು ಹೋಯಿತೋ, ನಿಮ್ಮ ಅದೃಷ್ಟ ಚೆನ್ನಾಗಿದೆ. ಅನಲಾಗ್ ಕಾರ್ಡಿನ ಸೆಟ್ಟಿಂಗ್ ಇರುವ ಚಾನ್-ದಾದಿ ಫೈಲಿನಲ್ಲಿ ‘ಆನ್ಸರ್-ಆನ್-ಪೊಲಾರಿಟಿ-ಸ್ವಿಚ್’, ‘ಹ್ಯಾಂಗಪ್-ಆನ್-ಪೊಲಾರಿಟಿ-ಸ್ವಿಚ್’ ಎರಡಕ್ಕೂ ಯೆಸ್ ಕೊಟ್ಟು ಮಲಗಿ. ಗುರುತು ಬದಲಾಗದ ಲೈನಿಗೆ ಮಾತ್ರ ಇದನ್ನು ಹಾಕಬೇಡಿ. ಆಗ ಎತ್ತಿದ ಕರೆಯೂ ‘ರಿಂಗ್ ಆಗುತ್ತಿದೆ’ ಎಂದೇ ಉಳಿದು, ಸಮಯ ಮುಗಿದ ಕೂಡಲೇ ಮಾತಿನ ನಡುವೆ ಕಟ್ ಆಗುತ್ತದೆ.

ಇಲ್ಲಿ ಗುರುತು ಕದಲಲಿಲ್ಲ. ಎರಡೂ ಲೈನು ಫೈಬರ್ ಡಬ್ಬಿಯ ಫೋನ್ ಪೋರ್ಟಿನಿಂದ ಬರುವುದು. ರಿವರ್ಸಲ್ ಕೊಡುವುದು ಬಿಡುವುದು ಆ ಡಬ್ಬಿಯ ಮರ್ಜಿ. ಅದರ ಅಡ್ಮಿನ್ ಪಾಸ್‌ವರ್ಡು ಕೇಳಿದರೆ ಫೈಬರ್ ಹಾಕಿದವರು ಕುಲದೇವರ ಹೆಸರು ಕೇಳಿದ ಹಾಗೆ ನೋಡುತ್ತಾರೆ.

ಹಾಗಾಗಿ ಉಳಿದದ್ದು ‘ಕನ್‌ಫರ್ಮ್ ಕಾಲ್ಸ್’. ಮೊಬೈಲ್ ಎತ್ತಿದವರು 1 ಒತ್ತಿದರೆ ಮಾತ್ರ ಕರೆ ಜೋಡಿಸುತ್ತದೆ. ಸ್ವಿಚ್ ಆಫ್ ಘೋಷಣೆ 1 ಒತ್ತುವುದಿಲ್ಲವಲ್ಲ! ರಿಂಗ್ ಸ್ಟ್ರಾಟೆಜಿ ‘ರಿಂಗ್‌ಆಲ್’ (ಎಲ್ಲ ಫೋನೂ ಒಟ್ಟಿಗೆ ರಿಂಗ್) ಇರಬೇಕು, ‘ನೋ ಆನ್ಸರ್’ ಡೆಸ್ಟಿನೇಶನ್ 201ರ ವಾಯ್ಸ್‌ಮೇಲ್. ಕರೆ ಫಾರ್ವರ್ಡ್ ಮಾಡುವ *72, *52 ಕೋಡುಗಳನ್ನು ಮರೆತುಬಿಡಿ, ಈ ಸೌಕರ್ಯ ಇರುವುದು ಫಾಲೋ ಮಿ ಪುಟದಲ್ಲಿ.

ಇಲ್ಲಿಯೂ ಒಂದು ಕೊಕ್ಕೆ ಉಂಟು. ಡಯಲ್ ಆದ ಕೂಡಲೇ ‘ಎತ್ತಿದ್ದಾರೆ’ ಎಂದುಕೊಂಡ ಪಿಬಿಎಕ್ಸ್, ಮೊಬೈಲ್ ಇನ್ನೂ ರಿಂಗೇ ಆಗದಿರುವಾಗ ‘ಒಂದು ಒತ್ತಿ’ ಎಂದು ಹೇಳಲು ಶುರುಮಾಡುತ್ತದೆ. ಧನಿಗಳು ಕಿಸೆಯಿಂದ ಫೋನು ತೆಗೆಯುವಷ್ಟರಲ್ಲಿ ಹೇಳಿ ಹೇಳಿ ಸುಸ್ತಾಗಿ ಕರೆ ಬಿಟ್ಟಿರುತ್ತದೆ. ಪರಿಹಾರ ಮೊಬೈಲ್ ಎತ್ತಿದವರಿಗೆ ಕೇಳಿಸುವ ಧ್ವನಿ, ‘ರಿಮೋಟ್ ಅನೌನ್ಸ್’ನಲ್ಲಿದೆ. ‘ಆಫೀಸಿನ ಕರೆ, ಮಾತಾಡಲು ಒಂದು ಒತ್ತಿ’ ಎಂಬ 3 ಸೆಕೆಂಡಿನ ಧ್ವನಿ, ಹಿಂದೆಯೇ 5 ಸೆಕೆಂಡು ಮೌನ. 8 ಕಿಲೋಹರ್ಟ್ಸ್, ಮೊನೊ, 16 ಬಿಟ್ ವೇವ್. ಅದು ಮತ್ತೆ ಮತ್ತೆ ಸುತ್ತುವಾಗ ಆ ಮೌನವೇ ಸಮಯ ಕೊಡುತ್ತದೆ, ಮೌನದ ನಡುವೆ ಒತ್ತಿದ ಅಂಕೆಯನ್ನೂ ಅದು ತೆಗೆದುಕೊಳ್ಳುತ್ತದೆ. ರಿಂಗ್ ಟೈಮ್ 45 ಇಡಿ. 20ರಲ್ಲಿ ಅರ್ಧ ಸಮಯ ಲೈನು ಜೋಡಿಸುವುದಕ್ಕೇ ಹೋಗುತ್ತದೆ.

ಹೊರಹೋಗುವ ಕರೆಗಳ ನಿಯಮ ಬರೆಯುವ ಔಟ್‌ಬೌಂಡ್ ರೂಟಿನಲ್ಲಿ ಮೊಬೈಲ್ ನಂಬರಿನ ಮುಂದೆ 0 ಸೇರಿಸಲೇಬೇಕು. 2021ರ ಜನವರಿಯಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಅದು ಕಡ್ಡಾಯ. ನಮ್ಮ ಕುಂಬಳೆಯ ಎಸ್‌ಟಿಡಿ ಕೋಡು 04998ರವರು ಮಂಗಳೂರಿನ 0824ಕ್ಕೂ ಬೇರೆ ಪ್ಯಾಟರ್ನ್ ಬರೆಯಬೇಕು. ಗಡಿ ದಾಟಿದರೆ ಎಸ್‌ಟಿಡಿಯೇ.

ಹಲವು ಮೆಸೇಜುಗಳ ಬಾಲದಲ್ಲಿ ಬರೀ ಟೂಂ ಟೂಂ. ಕರೆ ಇಟ್ಟ ಮೇಲೆ ಬರುವ ಬಿಝಿ ಟೋನು ಮೌನ ಅಲ್ಲವಾದ್ದರಿಂದ ಮೌನ ನೋಡಿ ನಿಲ್ಲಿಸುವ ‘ಮ್ಯಾಕ್ಸ್-ಸೈಲೆನ್ಸ್’ ಅದನ್ನು ಹಿಡಿಯುವುದಿಲ್ಲ. ‘ಬಿಝಿ-ಡಿಟೆಕ್ಟ್’ ಯೆಸ್, ಕೌಂಟ್ (ಟೋನು ಎಷ್ಟು ಸಲ ಕೇಳಿದ ಮೇಲೆ ಕಟ್ ಮಾಡಬೇಕೆಂಬ ಲೆಕ್ಕ) 4, ಪ್ಯಾಟರ್ನ್ 750,750. ಭಾರತದ ಬಿಝಿ ಟೋನು 400 ಹರ್ಟ್ಸ್, ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಸೆಕೆಂಡು ಬಿಡುವು. ಕೌಂಟ್ 2ಕ್ಕೆ ಇಳಿಸುವ ಆಸೆ ಬೇಡ, ಮಾತಿನ ನಡುವೆಯೇ ಕರೆ ಬಿದ್ದೀತು.

ಇದರ ನಡುವೆ ಮುಂದಿನ ಹುಚ್ಚು ಆಗಲೇ ಹತ್ತಿದೆ: ವಾಯ್ಸ್‌ಮೇಲ್ ಮಾತೆಲ್ಲ ಕನ್ನಡದಲ್ಲಿ. ಆಸ್ಟರಿಸ್ಕಿನ ಅಧಿಕೃತ ಧ್ವನಿ ಕಟ್ಟಿನಲ್ಲಿ ಕನ್ನಡ ಇಲ್ಲ. ಸೌಂಡ್ಸ್ ಫೋಲ್ಡರಿನಲ್ಲಿ ‘ಕೆಎನ್’ ಎಂದು ಮಾಡಿ, ಒಂದರಿಂದ ನೂರರವರೆಗೆ ಒಂದೊಂದೇ ರೆಕಾರ್ಡ್ ಮಾಡಬೇಕು. ಇಂಗ್ಲಿಷಿನ ಹಾಗೆ ಎರಡು ತುಂಡು ಜೋಡಿಸಿದರೆ ಕೇಳಲಾಗದು. ಆಮೇಲೆ ಮಲಯಾಳ, ತುಳು. ಅಷ್ಟರೊಳಗೆ ಕೆಂಪು ಮಾಡ್ಯೂಲಿಗೆ ಕೊಟ್ಟ ದುಡ್ಡಿನ ಬಾಕಿ ಅಂಗಡಿಯವರು ವಾಪಸು ಕೊಟ್ಟರೆ ಮೈಕ್ ತರುವುದು, ಇಲ್ಲದಿದ್ದರೆ ಮೊಬೈಲಿನಲ್ಲೇ ರೆಕಾರ್ಡಿಂಗ್.