ಚೇಳಿನ ಗಾಡಿಯಲ್ಲಿ ಕಂದಕೂರಕ್ಕೆ

ನಾಗರ ಪಂಚಮಿಯ ದಿನ ಬೆಳಿಗ್ಗೆ ಆರೂವರೆಗೆ ನಾವು ಕಲಬುರಗಿ ಬಿಟ್ಟಾಗ ರಾತ್ರಿಯ ಮಳೆ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿಗಳ ಡಬ್ಬಿ. ಪಕ್ಕದಲ್ಲಿ ತಂಗಿಯ ಮಗ. ಯಾದಗಿರಿ ಜಿಲ್ಲೆಯ ಕಂದಕೂರಕ್ಕೆ ಹೋಗಬೇಕೆಂಬುದು ಅವನದೇ ಆಸೆ. "ಮಾಮಾ, ನಿಮ್ಮ ಗಾಡಿ ಮ್ಯಾಗ ಚೇಳ್ ಅದ. ಚೇಳಿನ ಜಾತ್ರಿಗಿ ಇದೇ ಗಾಡಿ ತಗೊಂಡು ಹೋಗೋಣ" ಎಂದು ಒಂದು ವಾರದಿಂದ ಹಟ ಹಿಡಿದಿದ್ದ.

ಗಾಡಿ ಎಂದರೆ ಅಬಾರ್ತ್ ಪುಂಟೊ. ಕಾರ್ಲೊ ಅಬಾರ್ತ್ 1949ರಲ್ಲಿ ಇಟಲಿಯಲ್ಲಿ ತಮ್ಮ ಹೆಸರಿನ ಕಂಪನಿ ಕಟ್ಟಿದಾಗ, ತಾವು ವೃಶ್ಚಿಕ ರಾಶಿಯವರೆಂಬ ಕಾರಣಕ್ಕೆ ಚೇಳನ್ನೇ ಅದರ ಗುರುತಾಗಿ ಆರಿಸಿಕೊಂಡರು. ಆ ಗುರುತು ಹೊತ್ತ ಪುಂಟೊವನ್ನು ಫಿಯಟ್ 2015ರ ಅಕ್ಟೋಬರಿನಲ್ಲಿ ಭಾರತದಲ್ಲಿ ಮಾರಾಟಕ್ಕೆ ತಂದಿತು. ದೆಹಲಿಯ ಶೋರೂಂ ಬೆಲೆ 9.95 ಲಕ್ಷ ರೂಪಾಯಿ. ಮೈಕಟ್ಟು ಸಾಮಾನ್ಯ ಪುಂಟೊದ್ದೇ ಆದರೂ ಒಳಗಿರುವುದು 1,368 ಸಿಸಿಯ ಟರ್ಬೊ ಪೆಟ್ರೋಲ್ ಎಂಜಿನ್, 145 ಬಿಎಚ್‌ಪಿ ಶಕ್ತಿ, ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್. ಕಾರು ಕೊಳ್ಳುವ ಮುನ್ನ ಮೈಲೇಜು ಮತ್ತು ಮರುಮಾರಾಟದ ಬೆಲೆ ಕೇಳುವ ನಮ್ಮ ಜನರ ನಡುವೆ ಇದಕ್ಕೆ ಹೆಚ್ಚು ಗಿರಾಕಿಗಳು ಸಿಗಲಿಲ್ಲ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬರುವ ಹೊತ್ತಿಗೆ ಫಿಯಟ್ ಕಾರುಗಳ ಮಾರಾಟವೇ ಇಲ್ಲಿ ನಿಂತಿತ್ತು. ನಾನು ಇದನ್ನು ಪುಣೆಯಲ್ಲಿ ಒಬ್ಬರಿಂದ ಕೊಂಡು ತಂದೆ. ಮಹಾರಾಷ್ಟ್ರದ ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಎರಡು ಊರುಗಳ ಓಡಾಟ ಎಲ್ಲ ಮುಗಿದು ಕೆಎ 32 ನಂಬರಿನ ಫಲಕ ಹಚ್ಚಿದ ದಿನ ಅವ್ವ ಗಾಡಿಗೆ ಆರತಿ ಬೆಳಗಿದ್ದಳು.

ಶಹಾಬಾದ್‌ವರೆಗೆ ನಿಧಾನವಾಗಿಯೇ ಸಾಗಿದೆವು. ಫರ್ಸಿ ಕಲ್ಲು ಹೇರಿದ ಲಾರಿಗಳು, ವಾಡಿ ಸಮೀಪಿಸಿದಂತೆ ಸಿಮೆಂಟಿನ ಟ್ಯಾಂಕರುಗಳು, ಅವುಗಳ ಭಾರಕ್ಕೆ ಕುಸಿದ ರಸ್ತೆಯ ಅಂಚು. ಈ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 155 ಮಿಲಿಮೀಟರ್ ಮಾತ್ರ; ಗಾಲಿಗಳು 16 ಇಂಚಿನವಾದ್ದರಿಂದ ಟೈರಿನ ಗೋಡೆಯೂ ತೆಳ್ಳಗೆ. ಆದ್ದರಿಂದ ಮಳೆಗಾಲದಲ್ಲಿ ನೀರು ತುಂಬಿದ ಪ್ರತಿಯೊಂದು ಗುಂಡಿಯನ್ನೂ ನಾನು ಬಾವಿ ಎಂದೇ ಎಣಿಸುತ್ತೇನೆ. ಎರಡು ವರ್ಷದ ಹಿಂದೆ ಅಂಥ ಒಂದು ಗುಂಡಿಗೆ ಮುಂದಿನ ಅಲಾಯ್ ಗಾಲಿ ಬಾಗಿತ್ತು. ಅದೇ ಗಾಲಿ ಬೇಕೆಂದು ಹುಡುಕುತ್ತ, ಹಳೆಯ ಫಿಯಟ್‌ಗಳನ್ನಷ್ಟೇ ನೋಡುವ ಹೈದರಾಬಾದಿನ ಮೆಕ್ಯಾನಿಕ್ ಒಬ್ಬರ ಮೂಲಕ ಅದು ಕೈಸೇರುವ ತನಕ ಐದು ವಾರ ಗಾಡಿ ಮನೆಯ ಮುಂದೆ ನಿಂತಿತ್ತು. ದೇಹದ ಭಾಗಗಳು ಸಾಮಾನ್ಯ ಪುಂಟೊದವೇ ಹೊಂದುತ್ತವೆ, ಎಂಜಿನ್ನಿನ ಹಲವು ಭಾಗಗಳು ಫಿಯಟ್‌ನದೇ ಇನ್ನೊಂದು ಕಾರಾದ ಲಿನಿಯಾ ಟಿ-ಜೆಟ್‌ನವು ಹೊಂದುತ್ತವೆ; ಆದರೆ ಈ ಕಾರಿಗಷ್ಟೇ ಸೇರಿದ ಭಾಗ ಕೆಟ್ಟರೆ ಕಾಯುವುದೊಂದೇ ದಾರಿ. ಟೈಮಿಂಗ್ ಬೆಲ್ಟನ್ನು ಅವಧಿಗೆ ಮೊದಲೇ ಬದಲಿಸುತ್ತೇನೆ, ಏಕೆಂದರೆ ಅದು ಹರಿದರೆ ಎಂಜಿನ್ನೇ ಹಾಳಾಗುತ್ತದೆ. ವರ್ಷದ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡುತ್ತೇನೆ. ಕಳೆದ ವರ್ಷ ಪೆಟ್ರೋಲ್ ಬಿಟ್ಟು 58,000 ರೂಪಾಯಿ. ಹೆಂಡತಿ ಅದನ್ನು ಓದಿ, ಏನೂ ಹೇಳದೆ, ತಿರುಗಿ ಅಲ್ಲಿಯೇ ಇಟ್ಟಳು. ಆ ಮೌನಕ್ಕೆ ನಾನು ಋಣಿ.

ನಾಲವಾರ ದಾಟಿದ ಮೇಲೆ ರಸ್ತೆ ತೆರೆದುಕೊಂಡಿತು. ಎರಡೂ ಬದಿಯ ಕರಿ ಎರೆ ಹೊಲಗಳಲ್ಲಿ ಮೊಣಕಾಲೆತ್ತರದ ತೊಗರಿ, ಕಣ್ಣಳತೆಯವರೆಗೆ ಒಂದೂ ಲಾರಿ ಇಲ್ಲ. ಈ ಎಂಜಿನ್ ನಿಮಿಷಕ್ಕೆ 2,000 ಸುತ್ತಿನ ಕೆಳಗೆ ಮನೆಯ ಸಾಧು ಎತ್ತಿನಂತೆ ಇರುತ್ತದೆ. ಅಲ್ಲಿಂದ ಮುಂದೆ ಟರ್ಬೊ ಗಾಳಿ ತುಂಬತೊಡಗಿದಂತೆ 212 ನ್ಯೂಟನ್ ಮೀಟರಿನ ಟಾರ್ಕ್ (ತಿರುಗಿಸುವ ಬಲ) ಬೆನ್ನನ್ನು ಸೀಟಿಗೆ ಒತ್ತುತ್ತದೆ. ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹುಡುಗ ಮಾತು ನಿಲ್ಲಿಸಿ ಬಾಗಿಲ ಹಿಡಿ ಹಿಡಿದುಕೊಂಡ. ವೇಗ 90ಕ್ಕೆ ಬಂದ ಕೂಡಲೇ ನಾನು ಕಾಲು ಸಡಿಲಿಸಿದೆ. ನನಗೆ ಬೇಕಾದದ್ದು ಅತಿವೇಗವಲ್ಲ, ವೇಗ ಏರುವ ಆ ನಾಲ್ಕೈದು ಕ್ಷಣಗಳು. ಅದಕ್ಕಿಂತಲೂ ದೊಡ್ಡ ಸುಖ ಸ್ಟೀರಿಂಗ್‌ನಲ್ಲಿದೆ. ಇದು ಹೈಡ್ರಾಲಿಕ್ ಸ್ಟೀರಿಂಗ್. ಈಗಿನ ವಿದ್ಯುತ್ ಸ್ಟೀರಿಂಗ್‌ಗಳಂತೆ ಹಗುರವಲ್ಲ, ಅಂಗೈಗೆ ಭಾರವಾಗಿಯೇ ಇರುತ್ತದೆ. ಆದರೆ ಡಾಂಬರು ಒದ್ದೆಯಾಗಿರುವುದು, ಅಂಚಿನಲ್ಲಿ ಮರಳು ಚೆಲ್ಲಿರುವುದು, ಮುಂದಿನ ಗಾಲಿ ಎಷ್ಟು ಹಿಡಿತದಲ್ಲಿದೆ ಎಂಬುದು ಎಲ್ಲವೂ ಅದರ ಮೂಲಕ ಕೈಗೆ ತಿಳಿಯುತ್ತದೆ. ಒಂದು ಹಳ್ಳದ ಬಳಿ ರಸ್ತೆ ಎಡಕ್ಕೂ ಬಲಕ್ಕೂ ತಿರುಗುವಲ್ಲಿ ಗಾಡಿ ಸ್ವಲ್ಪವೂ ಓಲಾಡದೆ, ನಾನು ನೋಡಿದ ಕಡೆಗೇ ತಾನೂ ಹೊರಳಿತು. ಇದರ ಹೋಲಿಕೆಯನ್ನು ನಾನು ಬೇರೆ ಯಾವ ಕಾರಿನಲ್ಲೂ ಕಂಡಿಲ್ಲ. ಯಾದಗಿರಿಯ ಕೋಟೆಗುಡ್ಡ ಕಾಣಿಸಿದಾಗ ದಾರಿ ಇಷ್ಟು ಬೇಗ ಮುಗಿಯಿತೇ ಎಂದು ಬೇಸರವಾಯಿತು.

ಯಾದಗಿರಿಯಲ್ಲಿ ಒಂದಿಷ್ಟು ಚಹಾ, ಮಿರ್ಚಿ ಭಜಿ, ಅಲ್ಲಿಂದ ಕಂದಕೂರ. ಊರ ಹೊರಗೆ ಗಾಡಿ ನಿಲ್ಲಿಸಿ, ಟರ್ಬೊ ತಣಿಯಲೆಂದು ಎಂದಿನಂತೆ ಒಂದು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಬೆಟ್ಟ ಹತ್ತಿದೆವು. ಕೊಂಡಮ್ಮಾಯಿಯ ಗುಡಿಯ ಸುತ್ತ ಜನ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಚೇಳು ಹುಡುಕುತ್ತಿದ್ದರು. ಸಿಕ್ಕ ಚೇಳನ್ನು ಅಂಗೈ ಮೇಲೆ, ತೋಳಿನ ಮೇಲೆ, ಕೆಲವರು ಮುಖದ ಮೇಲೂ ಹರಿದಾಡಲು ಬಿಡುತ್ತಿದ್ದರು. ಪಂಚಮಿಯ ದಿನ ಅವು ಕುಟುಕುವುದಿಲ್ಲ ಎಂಬುದು ಇಲ್ಲಿಯವರ ನಂಬಿಕೆ. ಹತ್ತು ವರ್ಷವೂ ತುಂಬದ ಒಬ್ಬ ಹುಡುಗಿ ಕೈ ನೀಡಿ ನಿಂತಿದ್ದ ರೀತಿಯಲ್ಲಿ ಎಳ್ಳಷ್ಟೂ ಅಂಜಿಕೆ ಇರಲಿಲ್ಲ. ನನ್ನ ಜೊತೆಗಿದ್ದವನು ಮಾತ್ರ ನನ್ನ ಅಂಗಿಯ ತುದಿ ಬಿಡಲಿಲ್ಲ.

ಕೆಳಗೆ ಇಳಿದಾಗ ಗಾಡಿಯ ಸುತ್ತ ಹತ್ತಾರು ಜನ ಸೇರಿದ್ದರು. ಕಲಬುರಗಿಯಲ್ಲಿ ಇದು ಯಾವ ಕಾರೆಂದು ಕೇಳುವವರು ಬೆಲೆ ಕೇಳುತ್ತಾರೆ, ಮೈಲೇಜು ಕೇಳುತ್ತಾರೆ. ಇಲ್ಲಿ ಯಾರೂ ಅದನ್ನು ಕೇಳಲಿಲ್ಲ. "ಅಮ್ಮನ ಚೇಳ್ ನಿಮ್ಮ ಗಾಡಿ ಮ್ಯಾಗ ಹ್ಯಾಂಗ ಬಂತಪ್ಪಾ?" ಎಂದು ಒಬ್ಬ ಮುದುಕಿ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಹುಡುಗ, "ಆಯಿ, ಇಟಲಿದಾಗೂ ಒಬ್ಬರ ರಾಶಿ ವೃಶ್ಚಿಕ ಇತ್ತು" ಎಂದು ಶುರು ಮಾಡಿದ. ಅವಳು ಪೂರ್ತಿ ಕೇಳಿ, ಸೆರಗಿನ ಗಂಟು ಬಿಚ್ಚಿ, ಬಾನೆಟ್ಟಿನ ತುದಿಯ ಚೇಳಿಗೆ ಕುಂಕುಮ ಹಚ್ಚಿದಳು.

ಮರಳುವಾಗ ವಾಡಿಯ ಬಳಿ ಎಡ ಮುಂಗಾಲಿಯ ಕಡೆಯಿಂದ ಟಕಟಕ ಸದ್ದು ಕೇಳತೊಡಗಿತು. ಗಾಲಿಯನ್ನು ಹಿಡಿದಿಡುವ ಲೋಯರ್ ಆರ್ಮ್‌ನ ರಬ್ಬರ್ ಬುಷ್ ಸವೆದಿರಬೇಕು. ಒಟ್ಟು 210 ಕಿಲೋಮೀಟರಿಗೆ 19 ಲೀಟರ್ ಪೆಟ್ರೋಲ್ ಹಿಡಿದಿತ್ತು. ರಾತ್ರಿ ವಹಿಯಲ್ಲಿ ಅದನ್ನು ಬರೆದು, ಬುಷ್ ತೆಗೆದಿಡುವಂತೆ ಹೈದರಾಬಾದಿಗೆ ಫೋನ್ ಮಾಡಿದೆ. ಮರುದಿನ ಕೆಸರು ತೊಳೆಯುವಾಗ ಚೇಳಿನ ಗುರುತಿಗೆ ಮಾತ್ರ ನೀರು ಬೀಳದಂತೆ ಹುಡುಗ ಕೈ ಅಡ್ಡ ಹಿಡಿದು ನಿಂತಿದ್ದ.