ಆಯ್ತು ಅಂದುಬಿಟ್ಟೆ

ಮೊನ್ನೆ ಬೆಳಿಗ್ಗೆ ನನ್ನ ಟೀ ಲೋಟದ ಪಕ್ಕ ಒಂದು ಟಿಶ್ಯೂ ಪೇಪರ್ ಇತ್ತು. ಅದರ ಮೇಲೆ ಕಪ್ಪು ರಬ್ಬರಿನ ಎರಡು ತುಂಡು, ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಸ್ಕಿಪ್ಪರ್, ಅಂದರೆ ನಮ್ಮ ಹಾಯಿದೋಣಿಯ ಕ್ಯಾಪ್ಟನ್, ಎದುರಿಗೇ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಈಗ ನಾವು ಆಫ್ರಿಕಾದ ಪಶ್ಚಿಮಕ್ಕಿರುವ ದ್ವೀಪದೇಶ ಕೇಪ್ ವರ್ಡ್‌ನ ಮಿಂಡೆಲೊದಲ್ಲಿದ್ದೇವೆ. ಹಿಂದೆ ಅಟ್ಲಾಂಟಿಕ್ ದಾಟುವ ಉಗಿ ಹಡಗುಗಳು ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದ ಬಂದರು ಇದು. ಕೆನರಿ ದ್ವೀಪಗಳ ಲಾಸ್ ಪಾಲ್ಮಸ್‌ನಿಂದ ಇಲ್ಲಿಗೆ ಸುಮಾರು 870 ನಾಟಿಕಲ್ ಮೈಲಿ, ಏಳು ದಿನ ಹಿಡಿಯಿತು. ಇಲ್ಲಿಂದ ಅಟ್ಲಾಂಟಿಕ್ ಆಚೆಯ ಬಾರ್ಬಡೋಸ್‌ಗೆ ಇನ್ನೂ 2,000ಕ್ಕೂ ಜಾಸ್ತಿ ಇದೆ. ದೋಣಿ 12 ಮೀಟರ್, ಜನ ಮೂವರು. ಸ್ಕಿಪ್ಪರ್ ನೆದರ್ಲೆಂಡ್ಸಿನವರು, 68 ವರ್ಷ, ಒಂದೇ ಟೀ ಬ್ಯಾಗಿನಲ್ಲಿ ಎರಡು ಲೋಟ ಟೀ ಮಾಡುವ ಮನುಷ್ಯ. ಇನ್ನೊಬ್ಬ ಫ್ರೆಂಚ್ ಹುಡುಗ. ಅಡುಗೆ ಅದ್ಭುತ, ಪಾತ್ರೆ ಮಾತ್ರ ತೊಳೆಯುವುದಿಲ್ಲ. ಬೆಂಗಳೂರಿನ ಗೆಳೆಯರು ಯಾಟ್ ಅಂದ ಕೂಡಲೇ ಪಾರ್ಟಿ ಅಂದುಕೊಳ್ಳುತ್ತಾರೆ. ನಾನು ಹಾಯಿ ಮುಟ್ಟಿದ್ದಕ್ಕಿಂತ ಸ್ಪ್ಯಾನರ್ ಮುಟ್ಟಿದ್ದೇ ಜಾಸ್ತಿ.

ಲಾಸ್ ಪಾಲ್ಮಸ್ ಬಿಡುವ ಹಿಂದಿನ ದಿನ ಇಂಪೆಲ್ಲರ್ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಅಂಗೈಯಲ್ಲಿ ಹಿಡಿಸುವ ರಬ್ಬರ್ ಚಕ್ರ ಅದು, ಹೂವಿನ ಹಾಗೆ ಆರು ಎಸಳು. ಅದು ತಿರುಗಿ ಸಮುದ್ರದ ನೀರು ಎಳೆದುಕೊಟ್ಟರೆ ಇಂಜಿನ್ ತಣ್ಣಗಿರುತ್ತದೆ, ನೀರಿಲ್ಲದೆ ಸ್ವಲ್ಪ ಹೊತ್ತು ತಿರುಗಿದರೂ ಸಾಕು, ಎಸಳು ಕಿತ್ತುಹೋಗುತ್ತದೆ. ಹಳೆಯದನ್ನು ಹೊರಗೆ ತೆಗೆದಾಗ ನಾಲ್ಕೇ ಎಸಳಿತ್ತು. ಹೊಸದು ಹಾಕಿದೆ, ಮುಚ್ಚಳ ಬಿಗಿದೆ, ಇಂಜಿನ್ ಶುರು ಮಾಡಿದೆ, ಹಿಂದಿನಿಂದ ನೀರು ಬುಳಕ್ ಬುಳಕ್ ಅಂತ ಬಂತು. ಖುಷಿಯೋ ಖುಷಿ.

"ತುಂಡುಗಳು ಸಿಕ್ಕವಾ?" ಅಂತ ಸ್ಕಿಪ್ಪರ್ ಮೇಲಿನಿಂದ ಕೇಳಿದರು.

"ಎಲ್ಲಾ ಆಯ್ತು" ಅಂದೆ.

ಸಿಕ್ಕವಾ ಅಂತ ಕೇಳಿದರೆ ಸಿಕ್ಕವು ಅನ್ನಬೇಕು, ಇಲ್ಲ ಅನ್ನಬೇಕು. ನಾನು ಸುಳ್ಳು ಹೇಳಲಿಲ್ಲ. ನಿಜಾನೂ ಹೇಳಲಿಲ್ಲ. ಆಯ್ತು ಅಂದುಬಿಟ್ಟೆ.

ಏಳು ದಿನ ಏನೂ ಗೊತ್ತಾಗಲಿಲ್ಲ. ಗಾಳಿ ಹಿಂದಿನಿಂದ ಒಂದೇ ಸಮ ಬೀಸುತ್ತಿತ್ತು, ಬೆಳಿಗ್ಗೆ ಎದ್ದರೆ ಡೆಕ್ ಮೇಲೆ ಹಾರುಮೀನು ಬಿದ್ದಿರುತ್ತಿದ್ದವು, ಇಂಜಿನ್ ಹಾಕುತ್ತಿದ್ದದ್ದು ಬ್ಯಾಟರಿ ಚಾರ್ಜ್ ಮಾಡಲಿಕ್ಕೆ ಮಾತ್ರ, ಅದೂ ನಿಧಾನವಾಗಿ. ಆದರೆ ಮಿಂಡೆಲೊ ಹತ್ತಿರ ಎರಡು ದ್ವೀಪಗಳ ನಡುವೆ ಗಾಳಿ ಒತ್ತಿಕೊಂಡು ಬರುತ್ತದೆ. ಬಂದರಿನ ಕಡೆ ತಿರುಗಿದರೆ ಅದೇ ಗಾಳಿ ಮುಖಕ್ಕೆ. ಇಂಜಿನ್ ಪೂರ್ತಿ ಕೊಟ್ಟ ನಾಲ್ಕೇ ನಿಮಿಷಕ್ಕೆ ಬಿಸಿಯ ಅಲಾರಂ ಕಿರುಚಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನನಗೆ ತಕ್ಷಣ ನೆನಪಾಗಿದ್ದು ಆ ಎರಡು ಎಸಳು. ಇಂಜಿನ್ ಆಫ್ ಮಾಡಿ, ಮುಂದಿನ ಹಾಯಿ ಸ್ವಲ್ಪವೇ ಬಿಚ್ಚಿ, ಲಂಗರು ಹಾಕಿದ್ದ ದೋಣಿಗಳ ಮಧ್ಯೆ ಆ ಕಡೆ ಈ ಕಡೆ ಹೊರಳಿಸುತ್ತಾ ಅವರು ಒಳಗೆ ತಂದರು. ಒಂದು ದೋಣಿಯವನು ಗಾಬರಿಯಾಗಿ ಎದ್ದು ನಿಂತೇಬಿಟ್ಟ. ಚುಕ್ಕಾಣಿ ಹಿಡಿದ ಅವರ ಕೈ ಮಾತ್ರ ನಡುಗಲಿಲ್ಲ. ಜಿಪುಣ ಇರಬಹುದು, ಆದರೆ ಆ ವಿಷಯದಲ್ಲಿ ಅವರಿಗೆ ಅವರೇ ಸಾಟಿ.

ರಾತ್ರಿ ನಾನು ಮಲಗಿದ ಮೇಲೆ ಇಂಜಿನ್ ತಣಿಸುವ ಹೀಟ್ ಎಕ್ಸ್‌ಚೇಂಜರ್ ಬಿಚ್ಚಿದ್ದಾರೆ. ಅದರ ಸಣ್ಣ ಸಣ್ಣ ಕೊಳವೆಗಳ ಬಾಯಿಗೆ ತುಂಡುಗಳು ಅಡ್ಡ ಕೂತಿದ್ದವು. ನಿಧಾನವಾಗಿ ಓಡಿಸಿದರೆ ಸಾಕಾಗುವಷ್ಟು ನೀರು, ಜೋರು ಮಾಡಿದರೆ ಸಾಲದು.

ಆಗಿನಿಂದ ಈ 'ಆಯ್ತು' ನನ್ನ ತಲೆ ತಿನ್ನುತ್ತಿದೆ. ಅಮ್ಮ ಫೋನಿನಲ್ಲಿ ಊಟ ಆಯ್ತಾ ಅಂದರೆ ಆಯ್ತು, ಬಿಸ್ಕತ್ತು ತಿಂದಿದ್ದರೂ ಆಯ್ತು. ಕರೆ ಮುಗಿಸಲಿಕ್ಕೂ ಆಯ್ತು. ಮನೆಗೆ ಬರುವ ಎಲೆಕ್ಟ್ರಿಷಿಯನ್ "ಆಯ್ತು ಸಾರ್" ಅಂದರೆ ಕೆಲಸ ಮುಗಿಯಿತು ಅಂತಲೋ, ನಾಳೆ ಬರುತ್ತೇನೆ ಅಂತಲೋ, ನೀವು ಹೇಳಿದ್ದು ಕೇಳಿಸಿತು ಅಷ್ಟೇ ಅಂತಲೋ. ಅವನಿಗೆ ಎಷ್ಟು ಸಲ ರೇಗಿದ್ದೇನೆ! ಆಫೀಸಿನಲ್ಲಿ ಟೆಸ್ಟ್ ಮಾಡದೇ ಟಿಕ್ ಹಾಕಿದ ಕೆಲಸಗಳನ್ನು ಲೆಕ್ಕ ಹಾಕಲು ಹೋಗಿ ಸುಮ್ನೆ ಬಿಟ್ಟುಬಿಟ್ಟೆ. ಅಲ್ಲಾದರೆ ಯಾರೋ ಬಂದು ಸರಿ ಮಾಡುತ್ತಾರೆ. ಬಾರ್ಬಡೋಸ್ ದಾರಿಯ ನಡುವೆ ಯಾರು ಬರುತ್ತಾರೆ? ಎರಡು ದಿನ ಮಾಫಿ ಕೇಳಲು ಮಾತು ಹುಡುಕಿದೆ. ಅವರು ಅವಕಾಶವನ್ನೇ ಕೊಡಲಿಲ್ಲ, ಅದೊಂದು ಸಿಟ್ಟು ಬೇರೆ.

ಇವತ್ತು ಹಾಯಿಯ ಕಂಬ ಹತ್ತಿ, ತಂತಿಗಳನ್ನು ಹಿಡಿದಿರುವ ಎಲ್ಲಾ ಪಿನ್ ನೋಡಿ ಬಾ ಅಂದರು. ಹಗ್ಗದ ಕುರ್ಚಿಯಲ್ಲಿ ಕೂತು ಹೋದೆ. ತಂತಿಗಳ ಮೇಲೆಲ್ಲ ಸಹಾರಾದ ಕೆಂಪು ಧೂಳು, ಕೈ ಒರೆಸಿದಷ್ಟೂ ಕೆಂಪು. ಮುಕ್ಕಾಲು ಗಂಟೆ ಆದ ಮೇಲೆ ಇಳಿದೆ.

"ಮೇಲಿನ ಸ್ಪ್ರೆಡರ್, ಎಡಗಡೆಯದು?" ಅಂದರು. ಕಂಬದಿಂದ ಅಡ್ಡಕ್ಕೆ ಚಾಚಿ ತಂತಿಗಳನ್ನು ದೂರ ಹಿಡಿದಿಡುವ ತೋಳು ಅದು.

ಬಾಯಿಗೆ ಆ ಪದ ಬಂದೇಬಿಟ್ಟಿತ್ತು. ತಡೆದುಕೊಂಡೆ. "ನೋಡಿದ ನೆನಪಿಲ್ಲ."

ಅವರು ಏನೂ ಹೇಳದೆ ಹಗ್ಗವನ್ನು ಮತ್ತೆ ವಿಂಚ್‌ಗೆ ಸುತ್ತಿದರು. ಮತ್ತೆ ಹತ್ತಿದೆ. ಪಿನ್ ಸರಿಯಾಗೇ ಇತ್ತು.